ಪದ್ಮಿನಿಯನ್ನು ಈಗಲೇ ಮಾರಬೇಡಿ
ಅಜ್ಜನ ಪದ್ಮಿನಿ ಕಾರು ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಮಾರಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ನಮ್ಮ ಉಡುಪಿ ಮಳೆಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್, ಅಂದ್ರೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗದ ಮುಚ್ಚಳ, ಅದರೊಳಗೆ ತೇವ ಕೂರುತ್ತದೆ. ಆಗ ಕಿಡಿ ಪ್ಲಗ್ ತನಕ ಹೋಗುವುದೇ ಇಲ್ಲ. ಇಗ್ನಿಷನ್ ಆಫ್ ಮಾಡಿ ಕ್ಯಾಪ್ ತೆಗೆಯಿರಿ, ಒಣ ಬಟ್ಟೆಯಿಂದ ಒಳಗೆ ಒರೆಸಿ. ಕೂದಲೆಳೆಯಂಥ ಬಿರುಕು ಕಂಡರೆ ಕ್ಯಾಪ್ ಬದಲಿಸಿ. ಪ್ಲಗ್ ವಯರುಗಳನ್ನೂ ಒರೆಸಿ.

ನಮ್ಮಪ್ಪ ತಮ್ಮ ಪದ್ಮಿನಿಯಲ್ಲಿ ಇದಕ್ಕೆಂದೇ ಹಳೇ ಬೈರಾಸೊಂದನ್ನು (ಟವೆಲ್) ಸೀಟಿನ ಕೆಳಗೆ ಇಟ್ಟಿದ್ದರು. ಅಂಚು ಹರಿದು, ಗ್ರೀಸ್ ಮೆತ್ತಿ, ಸದಾ ಪೆಟ್ರೋಲ್ ವಾಸನೆ. ಅದೇ 1089 ಸಿಸಿ ಇಂಜಿನ್ ನಮ್ಮ ಆರು ಜನರನ್ನು ಹೊತ್ತು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿತ್ತು. ತಿರುವು ಬಂದಾಗಲೆಲ್ಲ ಅಪ್ಪ ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ಎಷ್ಟು ಮೆಲ್ಲಗೆ ಎಳೆಯುತ್ತಿದ್ದರು ಅಂದ್ರೆ, ಹಿಂದೆ ಮಲಗಿದ ತಂಗಿಗೆ ಎಚ್ಚರ ಆಗುತ್ತಿರಲಿಲ್ಲ. ಬೇಸಗೆಯಲ್ಲಿ ಅದೇ ಬೈರಾಸನ್ನು ಒದ್ದೆ ಮಾಡಿ ಇಂಜಿನ್ನಿನ ಪೆಟ್ರೋಲ್ ಪಂಪಿಗೆ ಸುತ್ತಿ ತಣಿಸುತ್ತಿದ್ದರು.

ನನಗೆ ಜಾಸ್ತಿ ಚಿಂತೆ ತುಕ್ಕಿನದು. ಕಡಲ ಗಾಳಿ ಅಲ್ವಾ. ಈ ಕಾರಿಗೆ ಬೇರೆ ಚಾಸಿ (ಕೆಳಗಿನ ಚೌಕಟ್ಟು) ಇಲ್ಲ, ಬಾಡಿಯೇ ಆಧಾರ. ಮ್ಯಾಟ್ ಎತ್ತಿ ಕೆಳಗಿನ ತಗಡನ್ನು ತಟ್ಟಿ ನೋಡಿ. ಪುಡಿ ಉದುರಿದರೆ ಮೊದಲು ವೆಲ್ಡಿಂಗ್, ಪೇಂಟ್ ಆಮೇಲೆ.