ಥರ್ಮಾಕೋಲ್ ಬೇಡ, ನಾರಿನ ಚಾಪೆ ಹಾಕಿ

ತೀರ್ಥಹಳ್ಳಿಯ ಮನೆ ಮಹಡಿಯಲ್ಲಿ ತಾಳಮದ್ದಲೆ ಅಭ್ಯಾಸ ಮಾಡಿದರೆ ಮಾತೆಲ್ಲ ಮಾರ್ದನಿಸುತ್ತದೆ, ಗೋಡೆಗೆ ಥರ್ಮಾಕೋಲ್ ಅಂಟಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಒಂದು ತುಂಡು ಬಾಯಿಗೆ ಹಿಡಿದು ಊದಿ ನೋಡಿ, ಉಸಿರು ಆಚೆ ಹೋಗುವುದಿಲ್ಲ. ಅದರ ಗುಳ್ಳೆಗಳೆಲ್ಲ ಮುಚ್ಚಿರುತ್ತವೆ. ತೆಂಗಿನ ನಾರಿನ ಚಾಪೆಯೊಳಗೆ ಗಾಳಿ ನುಗ್ಗುತ್ತದೆ, ನಾರಿಗೆ ಉಜ್ಜಿ ಸದ್ದು ಚೂರೇ ಚೂರು ಬಿಸಿಯಾಗಿ ಕರಗುತ್ತದೆ.

5 ಸೆಂ.ಮೀ. ದಪ್ಪದ್ದು ತನ್ನಿ. ಗೋಡೆಗೆ ತಾಗಿಸಬೇಡಿ, ರೀಪರ್ (ಮರದ ಪಟ್ಟಿ) ಹೊಡೆದು 5 ಸೆಂ.ಮೀ. ಸಂದು ಬಿಡಿ. ಮಾತಿನಲ್ಲಿ ಬರುವ 1000 ಹರ್ಟ್ಸ್ (ಸೆಕೆಂಡಿಗೆ 1000 ಕಂಪನ) ಸದ್ದಿನ ಅಲೆ ಸುಮಾರು 34 ಸೆಂ.ಮೀ. ಉದ್ದ. ಗೋಡೆಯಿಂದ ಅದರ ಕಾಲುಭಾಗ, ಅಂದರೆ 8.5 ಸೆಂ.ಮೀ. ದೂರದಲ್ಲಿ ಗಾಳಿಯ ಓಡಾಟ ಜಾಸ್ತಿ, ಚಾಪೆ ಅಲ್ಲೇ ಇರಬೇಕು ಅಲ್ವಾ? ಸಂದು ಬಿಟ್ಟರೆ ಅದು ಗೋಡೆಯಿಂದ 5ರಿಂದ 10 ಸೆಂ.ಮೀ. ನಡುವೆ ನಿಲ್ಲುತ್ತದೆ. ಸಂದಿದ್ದರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದೂ ಕಡಿಮೆ. ಮದ್ದಲೆಯ ದಪ್ಪ ಸದ್ದು ಮಾತ್ರ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.