ಮಲೆನಾಡಲ್ಲಿ ವೈನ್ ದ್ರಾಕ್ಷಿ: ಹೊಸನಗರದವರ ಪ್ರಶ್ನೆಗೆ

ಹೊಸನಗರದವರು ಎರಡು ವಿಷಯ ಕೇಳಿದಾರೆ. ಎಲೆಚುಕ್ಕಿ ರೋಗ ಬಂದು ಅಡಿಕೆ ಸೋತಿದೆ, ಹೋಂಸ್ಟೇ ಪಕ್ಕದ ಅರ್ಧ ಎಕರೆಗೆ ವೈನ್ ದ್ರಾಕ್ಷಿ ಹಾಕಬಹುದಾ? ಇನ್ನೊಂದು, ಅತಿಥಿಗಳು ಬಾಟಲಿ ಹಿಡಿದು ಬಂದು ಏನೇನೋ ಕೇಳ್ತಾರೆ, ವೈನ್ ಬಗ್ಗೆ ಕಲಿಯೋದು ಎಲ್ಲಿಂದ?

ಮೊದಲನೆಯದಕ್ಕೆ ನನ್ನ ಉತ್ತರ: ಬೇಡ ಮಾರಾಯ್ರೆ. ಸಾಗರದ ನಮ್ಮನೆ ಅಂಗಳದ ಚಪ್ಪರಕ್ಕೆ ಎರಡು ಬೆಂಗಳೂರು ನೀಲಿ ಬಳ್ಳಿ ಹತ್ತಿಸಿ ನೋಡಿದವ ನಾನು. ರೋಗ ತಡೆಯುವ ತಳಿ ಅಂತ ಹೆಸರು ಅದಕ್ಕೆ. ಆಷಾಢದಲ್ಲಿ ಎಲೆಯಡಿ ಬಿಳಿ ಬೂಷ್ಟು ಬಂತು, ಶ್ರಾವಣಕ್ಕೆ ಬರೀ ಕಡ್ಡಿ ಉಳೀತು. ಬೂಷ್ಟು ಒಂದೇ ಆಗಿದ್ರೆ ಔಷಧಿ ಹೊಡೆದು ನೋಡಬಹುದಿತ್ತು. ನಮ್ಮಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ತಾರೆ, ಏಪ್ರಿಲ್‌ಗೊಮ್ಮೆ, ಅಕ್ಟೋಬರ್‌ಗೊಮ್ಮೆ. ವಿಜಯಪುರದವರು ಇದನ್ನ ಚಾಟ್ನಿ ಅಂತಾರೆ. ಏಪ್ರಿಲ್ ಚಾಟ್ನಿ ಆದ ಮೇಲೆ ಬರುವ ಹೊಸ ಕಡ್ಡಿಯ ಕಣ್ಣೊಳಗೇ ಮುಂದಿನ ಗೊನೆ ಹುಟ್ಟೋದು, ಅದಕ್ಕೆ ಒಳ್ಳೆ ಬಿಸಿಲು ಬೇಕು. ಆ ಹೊತ್ತಿಗೆ ಇಲ್ಲಿ ಮೋಡ ಕವಿದಿರತ್ತೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ, ಫ್ರಾನ್ಸಿನ ಬೋರ್ಡೋದಲ್ಲಿ ಸಾವಿರದೊಳಗೆ.

ಬೋರ್ಡೋ ಅಂದಕೂಡ್ಲೆ ಅಡಿಕೆಗೆ ಹೊಡೆಯೋ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ನೆನಪಾಯ್ತಲ್ವಾ? ಅದೇ ಊರು! ಅಲ್ಲಿನ ಮೆಡಾಕ್ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದು ಅಂತ ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳೀತಿದ್ರು. ಊರೆಲ್ಲ ಬೂಷ್ಟು ಬಂದ ವರ್ಷ ಆ ಸಾಲುಗಳು ಮಾತ್ರ ಹಸಿರಾಗಿದ್ದದ್ದು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಬಿತ್ತು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ದ್ರಾಕ್ಷಿಯ ಬೂಷ್ಟೂ ನಮ್ಮ ಅಡಿಕೆಯ ಕೊಳೆರೋಗವೂ ದಾಯಾದಿಗಳೇ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದೇ ದ್ರಾವಣವನ್ನ ಅಡಿಕೆ ಗೊನೆಗೆ ತಂದರು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ನೀವು ಪ್ರತಿ ಮಳೆಗಾಲ ಕಲಸ್ತಿರೋದು ವೈನ್ ಊರಿನ ಪಾಕ. ಅತಿಥಿಗಳಿಗೆ ಹೇಳೋಕೆ ಇದಕ್ಕಿಂತ ಒಳ್ಳೆ ಕಥೆ ಬೇಕಾ?

ಕಲಿಕೆಯನ್ನೂ ಬೋರ್ಡೋದಿಂದಲೇ ಶುರು ಮಾಡಿ. ಫ್ರಾನ್ಸಿನ ಬಾಟಲಿ ಮೇಲೆ ಹೆಚ್ಚಾಗಿ ಊರಿನ ಹೆಸರಿರತ್ತೆ, ತಳಿ ಹೆಸರಿರಲ್ಲ. ಉಪ್ಪಿನಕಾಯಿಯ ಅಪ್ಪೆಮಿಡಿಗೆ ನಾವು ಹೊಳೆ, ಊರಿನ ಹೆಸರು ಹೇಳಿದ ಹಾಗೆ. ಬೋರ್ಡೋ ಕೆಂಪು ಅಂದ್ರೆ ಕ್ಯಾಬರ್ನೆ ಸುವಿನ್ಯೋನ್, ಮರ್ಲೋ ಬೆರಕೆ ಅಂತಿಟ್ಟುಕೊಳ್ಳಿ. ಫ್ರಾನ್ಸಿನದೇ ಇನ್ನೊಂದು ಪ್ರದೇಶ ಬರ್ಗಂಡಿಯ ಕೆಂಪು ಅಂದ್ರೆ ಪಿನೋ ನ್ವಾರ್ ತಳಿ, ಬಿಳಿ ಅಂದ್ರೆ ಶಾರ್ಡನೆ. ಇಟಲಿಯ ಬರೋಲೋ ಅಂದ್ರೆ ನೆಬ್ಬಿಯೋಲೋ ತಳಿ. ಆಸ್ಟ್ರೇಲಿಯಾದವರು, ನಮ್ಮ ನಾಸಿಕ್, ನಂದಿ ಬೆಟ್ಟದ ಕಡೆಯವರು ತಳಿ ಹೆಸರನ್ನೇ ಬರೀತಾರೆ, ಶಿರಾಜ್, ಶೆನಿನ್ ಬ್ಲಾಂ ಅಂತ. ಅಷ್ಟು ಗೊತ್ತಿದ್ರೆ ಮುಕ್ಕಾಲು ಬಾಟಲಿ ಓದಬಹುದು.

ರುಚಿಗೆ ನಿಮ್ಮ ನಾಲಗೆ ಆಗಲೇ ತಯಾರಿದೆ. ಕೆಂಪು ವೈನ್ ಕುಡಿದಾಗ ಒಸಡು ಹಿಡಿದ ಹಾಗಾಗೋದು ಟ್ಯಾನಿನ್, ಎಳೆ ಅಡಿಕೆಯ ಒಗರೂ ಅದೇ. ಸಿಪ್ಪೆ, ಬೀಜದಿಂದ ಬರತ್ತೆ. ಬಿಳಿ ವೈನಿಗೆ ಸಿಪ್ಪೆ ತೆಗೆದು ರಸವನ್ನಷ್ಟೇ ಹುದುಗಿಸೋದರಿಂದ ಒಗರು ಕಡಿಮೆ. ನಮ್ಮ ಖಾರದ ಕೋಳಿಸಾರು, ಕಡುಬಿಗೆ ಒಗರು ಜಾಸ್ತಿಯಿರೋ ಕೆಂಪು ಕೊಟ್ರೆ ಬಾಯಿ ಉರಿ ಇನ್ನೂ ಏರತ್ತೆ. ಸ್ವಲ್ಪ ಸಿಹಿ ಉಳಿದ ತಣ್ಣನೆ ಬಿಳಿ ವೈನ್, ಶೆನಿನ್ ಬ್ಲಾಂ ಮೇಲು. ಇದು ನನ್ನ ನಾಲಗೆ ಮಾತು, ಜಗಳಕ್ಕೆ ಬರಬೇಡಿ.

ಬಡಿಸುವಾಗ ಎಲ್ಲರೂ ಎಡವೋದು ಬಿಸಿಯಲ್ಲಿ. ಕೆಂಪು ವೈನ್ ಕೋಣೆಯ ಬಿಸಿಗಿರಲಿ ಅಂತಾರಲ್ಲ, ಅದು ಯುರೋಪಿನ ಹಳೇ ತಣ್ಣನೆ ಮನೆಗಳ ಲೆಕ್ಕ, 16ರಿಂದ 18 ಡಿಗ್ರಿ. ಏಪ್ರಿಲ್‌ನ ಶಿವಮೊಗ್ಗದ್ದಲ್ಲ! ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ಕೊಡಿ. ಬಿಳಿಯದಕ್ಕೆ 8ರಿಂದ 12, ನೊರೆ ವೈನಿಗೆ ಇನ್ನೂ ತಣ್ಣಗೆ. ಲೋಟದಲ್ಲಿ ಮೂರನೇ ಒಂದು ಭಾಗ ಸಾಕು, ಆಡಿಸಿದಾಗ ಪರಿಮಳಕ್ಕೆ ಜಾಗ ಬೇಕಲ್ಲ. 750 ಮಿಲಿ ಬಾಟಲಿಗೆ ಐದು ಲೋಟ. ನೊರೆ ವೈನ್ ತೆಗೆಯುವಾಗ ಬಿರಡೆ ಗಟ್ಟಿ ಹಿಡಿದು ಬಾಟಲಿ ತಿರುಗಿಸಿ, ಮುಖ ಯಾರ ಕಡೆಗೂ ಬೇಡ. ಉಳಿದದ್ದು ಬಿರಡೆ ಹಾಕಿ ಫ್ರಿಜ್ಜಲ್ಲಿಟ್ರೆ ಎರಡು ಮೂರು ದಿನ, ಆಮೇಲೆ ಹುಳಿ.

ಅತಿಥಿ ತಂದದ್ದಕ್ಕೆ ಲೋಟ ಕೊಡೋದು ಬೇರೆ. ಅಬಕಾರಿ ಲೈಸೆನ್ಸ್ ಇಲ್ಲದೆ ನೀವು ಮಾರೋಕೆ ಹೋಗಬೇಡಿ.

ಬಳ್ಳಿ ನೋಡಲೇಬೇಕು ಅಂತಿದ್ರೆ ಅಡಿಕೆ ಸುಲಿದು ಮುಗಿಸಿ ಫೆಬ್ರವರಿಯಲ್ಲಿ ದೊಡ್ಡಬಳ್ಳಾಪುರದ ಕಡೆ ಹೋಗಿ ಬನ್ನಿ, ಕೊಯ್ಲಿನ ಕಾಲ. ಆ ಅರ್ಧ ಎಕರೆಗೆ ನಾನಾಗಿದ್ರೆ ಕಾಳುಮೆಣಸು ಹತ್ತಿಸ್ತಿದ್ದೆ. ಅಲ್ಲಿ ನೀರು ನಿಲ್ಲತ್ತಾ ಇಲ್ವಾ ತಿಳಿಸಿ.