ಲಡಾಖ್ ಬಯಲಲ್ಲಿ ಟೆಂಟ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳೆಲ್ಲ ಪೂರ್ವ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯವು. ಪಾಂಗಾಂಗ್, ತ್ಸೋ ಮೊರಿರಿ, ತ್ಸೋ ಕರ್, ಹಾನ್ಲೆ ಎಲ್ಲವೂ 4,200 ಮೀಟರಿಗಿಂತ ಮೇಲಿನ ಜಾಗಗಳು. ಕೇಳಿದವರಲ್ಲಿ ಬಹಳಷ್ಟು ಮಂದಿ ಪಶ್ಚಿಮ ಘಟ್ಟದಲ್ಲಿ ಟೆಂಟ್ ಹಾಕಿ ಪಳಗಿದವರೆಂದು ಪ್ರಶ್ನೆಗಳಲ್ಲೇ ಗೊತ್ತಾಗುತ್ತದೆ. ಘಟ್ಟದಲ್ಲಿ ಕಾಟ ಕೊಡುವುದು ಮಳೆ ಮತ್ತು ಜಿಗಣೆ. ಇಲ್ಲಿ ಎರಡೂ ಇಲ್ಲ. ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸುಮಾರು 100 ಮಿಲಿಮೀಟರ್. ಇಲ್ಲಿ ಕಾಡುವುದು ಗಾಳಿ, ದೂಳು ಮತ್ತು ತೆಳುವಾದ ವಾತಾವರಣ.

ಪ್ರಶ್ನೆ: ನನ್ನಲ್ಲಿರುವ ಮೂರು ಋತುಗಳ (ಚಳಿಗಾಲ ಬಿಟ್ಟು ಉಳಿದ ಕಾಲಕ್ಕೆ ಮಾಡಿದ) ಡೋಮ್ ಟೆಂಟ್ ಸಾಕೇ? ನಾಲ್ಕು ಋತುಗಳದ್ದನ್ನೇ ಕೊಳ್ಳಬೇಕೇ?

ಜುಲೈ, ಆಗಸ್ಟ್‌ನಲ್ಲಿ ಹೋಗುವುದಾದರೆ ಸಾಕು. ಆದರೆ ಒಳಗಿನ ಪದರ ಯಾವ ಬಟ್ಟೆಯದೆಂದು ಒಮ್ಮೆ ಬಿಚ್ಚಿ ನೋಡಿ. ಸೆಕೆಗೆಂದು ಮಾಡಿದ ಟೆಂಟ್‌ಗಳಲ್ಲಿ ಒಳಪದರ ನೆತ್ತಿಯಿಂದ ನೆಲದವರೆಗೂ ಬರೀ ಸೊಳ್ಳೆಬಲೆ. ಮಧ್ಯಾಹ್ನದ ಗಾಳಿ ಹೊರಹೊದಿಕೆಯ ಅಡಿಯಿಂದ ನುಗ್ಗಿ, ಬಲೆಯೊಳಗಿಂದ ಗೋಧಿ ಹಿಟ್ಟಿನಂಥ ದೂಳನ್ನು ಜರಡಿ ಹಿಡಿದಂತೆ ಹಾಸಿಗೆಯ ಮೇಲೆ ಸುರಿಯುತ್ತದೆ. ಕೆಳಗಿನ ಅರ್ಧವಾದರೂ ಗಟ್ಟಿ ಬಟ್ಟೆಯದಿರಲಿ. ಹೊರಹೊದಿಕೆ ನೆಲಕ್ಕೆ ಒಂದು ಗೇಣಿಗಿಂತ ಮೇಲೆ ನಿಲ್ಲುವ ಟೆಂಟೂ ಬೇಡ.

ಪ್ರಶ್ನೆ: ಕೆರೆಯಂಚಿನ ಮರಳಿನಲ್ಲಿ ಗೂಟ ನಿಲ್ಲುವುದೇ ಇಲ್ಲವಂತೆ. ಗೆಳೆಯರ ಟೆಂಟ್ ಗಾಳಿಗೆ ಉರುಳಿಕೊಂಡು ಹೋಯಿತಂತೆ. ಏನು ಉಪಾಯ?

ಟೆಂಟ್ ಜತೆ ಬರುವ ತಂತಿಯಂಥ ಗೂಟಗಳು ಹಸಿಮಣ್ಣಿಗೆ ಮಾಡಿದವು. ಒಣ ಮರಳಿನಲ್ಲಿ ಅವು ಬೆಣ್ಣೆಯೊಳಗಿಂದ ಚಾಕು ಬಂದಂತೆ ಎದ್ದುಬರುತ್ತವೆ. ಇನ್ನು ಜಲ್ಲಿ ನೆಲದಲ್ಲಿ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಕಲ್ಲಿಗೆ ಬಡಿದು ಬಾಗುತ್ತವೆ. ಹೀಗಾಗಿ ಎರಡು ಬೇರೆ ವಿಧಾನ ಗೊತ್ತಿರಬೇಕು.

ಮರಳಾದರೆ ಗೂಟವನ್ನು ನೆಡಬೇಡಿ, ಹೂಳಿ. ಹಗ್ಗ ಎಳೆಯುವ ದಿಕ್ಕಿಗೆ ಅಡ್ಡಲಾಗಿ ಸುಮಾರು 30 ಸೆಂಟಿಮೀಟರ್ ಆಳದ ಚಿಕ್ಕ ಗುಂಡಿ ತೋಡಿ. ಗೂಟದ ನಟ್ಟನಡುವೆ ಹಗ್ಗ ಕಟ್ಟಿ, ಅಡ್ಡ ಮಲಗಿಸಿ. ಗುಂಡಿಯಿಂದ ಟೆಂಟ್ ಕಡೆಗೆ ಹಗ್ಗ ಓರೆಯಾಗಿ ಮೇಲೆ ಬರಲು ಕಿರಿದಾದ ಸೀಳು ಮಾಡಿ. ಈ ಸೀಳನ್ನು ಮರೆತರೆ ಹಗ್ಗ ನೇರ ಮೇಲಕ್ಕೆ ಎಳೆದು ಗೂಟವನ್ನು ಎಬ್ಬಿಸಿಬಿಡುತ್ತದೆ. ಆಮೇಲೆ ಮರಳು ತುಂಬಿ, ಬೂಟುಗಾಲಿನಲ್ಲಿ ತುಳಿದು, ಮೇಲೊಂದು ಕಲ್ಲು ಹೇರಿ. ಗೂಟದ ಬದಲು ಜಲ್ಲಿ ತುಂಬಿದ ಬಟ್ಟೆಚೀಲವನ್ನೂ ಹೂಳಬಹುದು, ಹಿಡಿತ ಇನ್ನೂ ಚೆನ್ನಾಗಿರುತ್ತದೆ. ಒಂದು ಎಚ್ಚರ: ನೀರಿನ ಹತ್ತಿರದ ತೇವದ ಮರಳು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಚೀಲ ಏಳುವುದಿಲ್ಲ. ಜಾರುಗಂಟು ಹಾಕಿದ್ದರೆ ಹಗ್ಗವನ್ನಾದರೂ ಬಿಡಿಸಿಕೊಂಡು, ಬಿಸಿಲೇರಿದ ಮೇಲೆ ಚೀಲ ತೆಗೆಯಬಹುದು.

ಕಲ್ಲು ನೆಲವಾದರೆ ಎರಡು ಕಲ್ಲು ಬೇಕು. ಹಗ್ಗವನ್ನು ನೇರ ದೊಡ್ಡ ಕಲ್ಲಿಗೆ ಸುತ್ತಿದರೆ ಟೆಂಟ್ ಅಲುಗಿದಂತೆಲ್ಲ ಚೂಪಂಚಿಗೆ ಉಜ್ಜಿ, ನಡುರಾತ್ರಿ ಹೊತ್ತಿಗೆ ಕತ್ತರಿಸಿಹೋಗುತ್ತದೆ. ಅದಕ್ಕೆ ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಕಲ್ಲಿಗೆ ಅಥವಾ ಗೂಟಕ್ಕೆ ಹಗ್ಗ ಕಟ್ಟಿ ನೆಲದ ಮೇಲಿಡಿ. ಅದಕ್ಕೂ ಟೆಂಟ್‌ಗೂ ನಡುವೆ, ಹಗ್ಗದ ಮೇಲೆಯೇ, ಎರಡು ಕೈಯಲ್ಲಿ ಕಷ್ಟಪಟ್ಟು ಎತ್ತುವಂಥ ಕಲ್ಲು ಕೂರಿಸಿ. ಗಾಳಿ ಎಳೆದಾಗ ಸಣ್ಣ ಕಲ್ಲು ಬಂದು ದೊಡ್ಡದರ ಬೆನ್ನಿಗೆ ಕಚ್ಚಿಕೊಳ್ಳುತ್ತದೆ. ಎಳೆತ ಹೆಚ್ಚಿದಷ್ಟೂ ಹಿಡಿತ ಬಿಗಿ. ಪ್ರತಿ ಮೂಲೆಗೂ ಸಾಕಾಗುವಂತೆ 3 ಮಿಲಿಮೀಟರ್ ದಪ್ಪದ ಹಗ್ಗ 20 ಮೀಟರಾದರೂ ಹೆಚ್ಚುವರಿ ಒಯ್ಯಿರಿ. ಹೆಚ್ಚು ಗೂಟ ಹೊರುವುದಕ್ಕಿಂತ ಇದೇ ವಾಸಿ.

ಟೆಂಟ್ ಉರುಳುವುದು ಹೆಚ್ಚಾಗಿ ಹಾಕುವಾಗ ಮತ್ತು ಬಿಚ್ಚುವಾಗ. ಗಾಳಿ ಬರುವ ಕಡೆಯ ಮೂಲೆಗಳನ್ನು ಮೊದಲು ಭದ್ರಪಡಿಸಿ, ಆಮೇಲೆ ಪೋಲ್ ಏರಿಸಿ. ಬಿಚ್ಚುವಾಗ ಅವೇ ಕೊನೆಗೆ. ಪೋಲ್‌ನ ತುಂಡುಗಳು ಒಂದರೊಳಗೊಂದು ಪೂರ್ತಿ ಕೂತಿವೆಯೇ ಎಂದು ಕೈಯಾಡಿಸಿ ನೋಡಿ. ಚಳಿಯಲ್ಲಿ ಒಳಗಿನ ಎಲಾಸ್ಟಿಕ್ ಸಡಿಲವಾಗಿ ಕೀಲು ಅರ್ಧಕ್ಕೇ ನಿಲ್ಲುವುದುಂಟು. ಹಾಗೆ ಬಗ್ಗಿಸಿದರೆ ಕೊಳವೆಯ ಬಾಯಿ ಸೀಳುತ್ತದೆ. ಸೀಳಿದರೆ ದುರಸ್ತಿಗೆಂದು ಕೊಡುವ ಗೇಣುದ್ದದ ಕೊಳವೆಯನ್ನು ಅದರ ಮೇಲೆ ಸರಿಸಿ, ಎರಡೂ ತುದಿಗೆ ಟೇಪ್ ಸುತ್ತಿ.

ಪ್ರಶ್ನೆ: ಜಾಗ ಆರಿಸುವಾಗ ಏನು ನೋಡಬೇಕು?

ಒಣಗಿದ ತೊರೆಯ ಪಾತ್ರ ನುಣುಪಾಗಿ, ಮಟ್ಟಸವಾಗಿ, ಗಾಳಿಗೆ ಮರೆಯಾಗಿ ಇರುತ್ತದೆ. ಕಣ್ಣಿಗೆ ಹಿತ, ಆದರೆ ಅಲ್ಲಿ ಮಲಗಬಾರದು. 2010ರ ಆಗಸ್ಟ್ 5ರ ರಾತ್ರಿ ಲೇಹ್ ಮೇಲೆ ಮೇಘಸ್ಫೋಟವಾದಾಗ ನೀರು, ಕೆಸರು ನುಗ್ಗಿದ್ದು ಇಂಥ ದಾರಿಗಳಲ್ಲೇ. ಹಿಡಿದಿಡಲು ಗಿಡಮರಗಳಿಲ್ಲದ ನೆಲದಲ್ಲಿ ಬಿದ್ದ ನೀರೆಲ್ಲ ನೇರ ಇಳಿಯುತ್ತದೆ. ಮಳೆಯಿಲ್ಲದ ದಿನವೂ ಹಿಮ ಕರಗಿ ತುಂಬುವ ತೊರೆಗಳು ಬೆಳಿಗ್ಗೆ ಪಾದ ಮುಳುಗುವಷ್ಟಿದ್ದು ಸಂಜೆಗೆ ಮೊಣಕಾಲು ದಾಟುತ್ತವೆ. ದಂಡೆಯಿಂದ ದೂರ, ಸ್ವಲ್ಪ ಎತ್ತರದ, ಬೆಳಿಗ್ಗೆ ಬೇಗ ಬಿಸಿಲು ಬೀಳುವ ಜಾಗ ನೋಡಿ. ಕಣಿವೆಯ ತಳ ಬೇಡ, ರಾತ್ರಿ ತಣ್ಣನೆಯ ಗಾಳಿ ಇಳಿದು ನಿಲ್ಲುವುದು ಅಲ್ಲೇ.

ತ್ಸೋ ಮೊರಿರಿ 2002ರಿಂದ, ತ್ಸೋ ಕರ್ 2020ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಯಲ್ಲಿವೆ. ಕಪ್ಪು ಕತ್ತಿನ ಕೊಕ್ಕರೆ ಗೂಡು ಕಟ್ಟುವ ಜೌಗು ಅದು. ಕೆರೆಯಂಚಿನಲ್ಲಿ ಟೆಂಟ್ ಹಾಕದೆ, ಎಲ್ಲಿ ಹಾಕಬಹುದೆಂದು ಹತ್ತಿರದ ಊರಿನಲ್ಲಿ ಕೇಳಿ.

ಪ್ರಶ್ನೆ: ಮಡಚುವ ಗ್ಯಾಸ್ ಸ್ಟವ್ ಅಲ್ಲಿ ಉರಿಯುತ್ತದೆಯೇ? ಡಬ್ಬಿಯನ್ನು ಇಲ್ಲಿಂದಲೇ ಒಯ್ಯಬಹುದೇ?

ಎರಡನೆಯದಕ್ಕೆ ಮೊದಲ ಉತ್ತರ: ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ದೊಡ್ಡ ಬ್ಯಾಗಿನಲ್ಲೂ ಇಲ್ಲ. ಲೇಹ್‌ಗೆ ಹೋದ ಮೇಲೆಯೇ ಕೊಳ್ಳಬೇಕು. ನಿಮ್ಮ ಸ್ಟವ್‌ಗೆ ಬೇಕಾದ್ದು ತಿರುಪಿನ ಡಬ್ಬಿಯೋ ಉದ್ದನೆಯ ಡಬ್ಬಿಯೋ ಎಂಬುದು ಹೊರಡುವ ಮುಂಚೆಯೇ ಗೊತ್ತಿರಲಿ.

ಉದ್ದನೆಯ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಬರೀ ಬ್ಯೂಟೇನ್. ಸಮುದ್ರಮಟ್ಟದಲ್ಲಿ ಅದು −0.5 ಡಿಗ್ರಿಗಿಂತ ಕೆಳಗೆ ಆವಿಯಾಗುವುದಿಲ್ಲ. 4,500 ಮೀಟರಿನಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಹತ್ತು ಡಿಗ್ರಿಗೂ ಮಿಕ್ಕಿ ರಿಯಾಯಿತಿ ಸಿಗುತ್ತದೆ, ನಿಜ. ಆದರೆ ಗ್ಯಾಸ್ ಆವಿಯಾಗುತ್ತಾ ಡಬ್ಬಿ ತಾನೇ ತಣ್ಣಗಾಗುತ್ತದೆ. ಹೀಗಾಗಿ ಮೊದಲ ಐದು ನಿಮಿಷ ಭರ್ಜರಿ ಉರಿ, ಆಮೇಲೆ ಮಿಣಮಿಣ. ಐಸೊಬ್ಯೂಟೇನ್ ಮತ್ತು ಪ್ರೊಪೇನ್ ಬೆರೆತ ತಿರುಪಿನ ಡಬ್ಬಿ ಕೊಳ್ಳಿ. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗ್ ಪಕ್ಕ ಬಟ್ಟೆಯಲ್ಲಿ ಸುತ್ತಿಡಿ. ಉರಿ ಸೋತರೆ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಡಬ್ಬಿಯನ್ನು ಅದರಲ್ಲಿ ನಿಲ್ಲಿಸಿ. ಬಿಸಿನೀರು ಬೇಡವೇ ಬೇಡ. ಗಾಳಿಮರೆಯನ್ನು ಒಂದೇ ಪಕ್ಕಕ್ಕೆ ಇಡಿ. ಸುತ್ತಲೂ ಕೋಟೆ ಕಟ್ಟಿದರೆ ಶಾಖ ಡಬ್ಬಿಗೇ ಹೊಡೆದು ಅದು ಸಿಡಿಯಬಹುದು. ಇಬ್ಬರಿಗೆ 230 ಗ್ರಾಂ ಡಬ್ಬಿ ಎರಡು ದಿನಕ್ಕೆಂದು ಲೆಕ್ಕ ಹಾಕಿ.

ಗಾಡಿಯಲ್ಲಿ ಹೋಗುವವರಿಗೆ ಸೀಮೆಎಣ್ಣೆಯ ಪಂಪ್ ಸ್ಟವ್ ಈಗಲೂ ನಂಬಿಕಸ್ಥ. ಚಳಿಗೆ ಅದು ಜಗ್ಗುವುದಿಲ್ಲ, ಪಿನ್ ಮರೆಯದಿದ್ದರಾಯಿತು.

ಯಾವ ಸ್ಟವ್ ಆದರೂ ಟೆಂಟೊಳಗೆ ಹಚ್ಚಬಾರದು. ಚಳಿಗೆ ಎಲ್ಲ ಜಿಪ್ ಮುಚ್ಚಿ ಒಳಗೆ ಚಹಾ ಕಾಯಿಸಿದರೆ ಸೇರಿಕೊಳ್ಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು ಬಂದರೂ ಎತ್ತರದ ತಲೆನೋವೆಂದೇ ಅನ್ನಿಸುತ್ತದೆ.

ಪ್ರಶ್ನೆ: ಅನ್ನ, ಬೇಳೆ ಬೇಯುವುದಿಲ್ಲವಂತೆ, ಹೌದೇ?

ಪಾತ್ರೆಯಲ್ಲಿ ಬೇಯುವುದಿಲ್ಲ. 4,500 ಮೀಟರಿನಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಉರಿ ಎಷ್ಟು ಜೋರು ಮಾಡಿದರೂ ಕುದಿತ ಹೆಚ್ಚುವುದೇ ಹೊರತು ಬಿಸಿ ಹೆಚ್ಚುವುದಿಲ್ಲ. ಅಕ್ಕಿ ಹೊರಗೆ ಗಂಜಿ, ಒಳಗೆ ಗಟ್ಟಿ. ಎರಡು ಲೀಟರಿನ ಅಲ್ಯೂಮಿನಿಯಂ ಕುಕ್ಕರ್ ಒಯ್ದರೆ ಈ ತೊಂದರೆ ಬಹುಪಾಲು ಹೋಗುತ್ತದೆ: ಊರಲ್ಲಿ ಒಳಗೆ ಸುಮಾರು 120 ಡಿಗ್ರಿ ಮುಟ್ಟುವ ಕುಕ್ಕರ್ ಅಲ್ಲಿ ಸುಮಾರು 113 ಮುಟ್ಟುತ್ತದೆ. ಒಂದೆರಡು ಸೀಟಿ ಹೆಚ್ಚು ಕೂಗಿಸಿ. ತೊಗರಿ ಬೇಡ, ಹೆಸರುಬೇಳೆ ಸಾಕು. ಬೆಳಿಗ್ಗೆ ಹೊರಡುವಾಗಲೇ ಬಾಟಲಿಯಲ್ಲಿ ನೆನೆಹಾಕಿದರೆ ಸಂಜೆಗೆ ಗ್ಯಾಸ್ ಅರ್ಧ ಉಳಿಯುತ್ತದೆ. ಕುಕ್ಕರ್ ಹೊರಲಾರೆವೆಂದರೆ ಹುರಿದ ರವೆ, ಶ್ಯಾವಿಗೆ, ಅವಲಕ್ಕಿ. ಇವಕ್ಕೆ 85 ಡಿಗ್ರಿ ಧಾರಾಳ. ಅಲ್ಲಿಯವರ ತ್ಸಾಂಪಾಕ್ಕೆ ಅಷ್ಟೂ ಬೇಡ. ಅದು ಹುರಿದ ಬಾರ್ಲಿಯ ಹಿಟ್ಟು, ನಮ್ಮ ಹುರಿಹಿಟ್ಟಿನ ಅಣ್ಣ. ಚಹಾದಲ್ಲಿ ಕಲಸಿದರೆ ಊಟ.

ಪ್ರಶ್ನೆ: −10 ಎಂದು ಬರೆದ ಸ್ಲೀಪಿಂಗ್ ಬ್ಯಾಗ್ ಇದೆ. ಬಾಡಿಗೆಗೆ ಇನ್ನೊಂದು ತರಲೇ?

ಆ −10 ಯಾವುದೆಂದು ಚೀಟಿ ನೋಡಿ. ‘ಕಂಫರ್ಟ್’ ಎದುರಿನ ಅಂಕಿಯಾದರೆ ಹಾಯಾಗಿ ಮಲಗಬಹುದು. ‘ಲಿಮಿಟ್’ ಆದರೆ ಮುದುಡಿಕೊಂಡು ರಾತ್ರಿ ಕಳೆಯಬಹುದು. ‘ಎಕ್ಸ್‌ಟ್ರೀಮ್’ ಆದರೆ ಜೀವ ಉಳಿಯುತ್ತದೆ ಎಂದಷ್ಟೇ ಅರ್ಥ, ನಿದ್ದೆಯ ಮಾತಿಲ್ಲ. ಎದ್ದುಕಾಣುವಂತೆ ಮುದ್ರಿಸುವ ಅಂಕಿ ಯಾವಾಗಲೂ ಮೊದಲನೆಯದೇ ಆಗಿರುವುದಿಲ್ಲ. ನಡುಬೇಸಿಗೆಯಲ್ಲಿ ರಾತ್ರಿ ಸೊನ್ನೆಯ ಆಸುಪಾಸು, ಸೆಪ್ಟೆಂಬರ್ ಕೊನೆಗೆ −5ಕ್ಕೂ ಕೆಳಗೆ. ಕಂಫರ್ಟ್ −5 ಇದ್ದರೆ ಬೇಸಿಗೆಗೆ ಸಾಕು.

ಇನ್ನೊಂದು ಬ್ಯಾಗ್‌ಗೆ ಕೊಡುವ ದುಡ್ಡನ್ನು ಮ್ಯಾಟ್‌ಗೆ ಹಾಕಿ. ನಿಮ್ಮ ಭಾರಕ್ಕೆ ಬ್ಯಾಗಿನ ಕೆಳಪದರ ಅಪ್ಪಚ್ಚಿಯಾಗಿ ಬೆಚ್ಚಗಿಡುವ ಗುಣ ಕಳೆದುಕೊಳ್ಳುತ್ತದೆ, ಚಳಿ ಏರುವುದು ನೆಲದಿಂದ. ಮ್ಯಾಟ್‌ನ ಆರ್-ಮೌಲ್ಯ (ಚಳಿ ತಡೆಯುವ ಗುಣದ ಅಳತೆ) 4ಕ್ಕಿಂತ ಹೆಚ್ಚಿರಲಿ. ಒಂದರಲ್ಲಿ ಅಷ್ಟಿಲ್ಲದಿದ್ದರೆ ಫೋಮ್ ಮ್ಯಾಟ್ ಮೇಲೆ ಗಾಳಿ ತುಂಬುವ ಮ್ಯಾಟ್ ಹಾಸಿ, ಎರಡರ ಮೌಲ್ಯವೂ ಕೂಡುತ್ತದೆ. ಸಂಜೆ ಬಿಸಿಲಲ್ಲಿ ಬಿಗಿಯಾಗಿ ತುಂಬಿದ ಮ್ಯಾಟ್ ರಾತ್ರಿ ಮೆತ್ತಗಾದರೆ ತೂತಾಗಿದೆಯೆಂದು ಹುಡುಕುತ್ತಾ ಕೂರಬೇಡಿ. ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿರುತ್ತದೆ, ಇನ್ನೆರಡು ಉಸಿರು ಊದಿ.

ಮೇಲಿನ ಕಿಂಡಿ ತೆರೆದೇ ಇರಲಿ. ಇಲ್ಲದಿದ್ದರೆ ನಿಮ್ಮ ಉಸಿರೇ ಒಳಗೋಡೆಯಲ್ಲಿ ಹಿಮದ ಪುಡಿಯಾಗಿ ಕೂತು, ಬೆಳಿಗ್ಗೆ ಜಿಪ್ ಎಳೆದಾಗ ಮುಖದ ಮೇಲೆ ಉದುರುತ್ತದೆ.

ಪ್ರಶ್ನೆ: ಪಾಂಗಾಂಗ್ ನೀರನ್ನು ಫಿಲ್ಟರ್ ಮಾಡಿ ಕುಡಿಯಬಹುದೇ?

ಇಲ್ಲ. ಅದು ಉಪ್ಪುನೀರು, ಚಾರಣದ ಫಿಲ್ಟರ್ ಉಪ್ಪು ತೆಗೆಯುವುದಿಲ್ಲ. ತೊರೆಯ ನೀರಿಗೆ ಫಿಲ್ಟರ್ ಸರಿ, ಆದರೆ ಒಮ್ಮೆ ಬಳಸಿದ ನಳಿಗೆ ಫಿಲ್ಟರ್ ಹೆಪ್ಪುಗಟ್ಟಿದರೆ ಅದರ ಕತೆ ಮುಗಿಯಿತು. ಒಳಗಿನ ಕೂದಲೆಳೆಯಂಥ ನಳಿಗೆಗಳು ಒಡೆದಿರುತ್ತವೆ, ಹೊರಗಿನಿಂದ ಕಾಣುವುದಿಲ್ಲ, ನೀರೂ ಎಂದಿನಂತೆ ಬರುತ್ತದೆ, ರೋಗಾಣುಗಳೂ ಬರುತ್ತವೆ. ರಾತ್ರಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಿಮ್ಮ ಜತೆಗೇ ಮಲಗಿಸಿ. ಅನುಮಾನವಿದ್ದರೆ ನೀರನ್ನು ಮೂರು ನಿಮಿಷ ಕುದಿಸಿ. ದಿನಕ್ಕೆ ತಲೆಗೆ ಅಡುಗೆಯೂ ಸೇರಿ ಐದು ಲೀಟರ್ ಬೇಕು.

ಪ್ರಶ್ನೆ: ವಿಮಾನದಲ್ಲಿ ಲೇಹ್‌ಗಿಳಿದು ಮರುದಿನವೇ ತ್ಸೋ ಮೊರಿರಿಯಲ್ಲಿ ಟೆಂಟ್ ಹಾಕುವ ಯೋಜನೆ. ಸರಿಯೇ?

ಸರಿಯಲ್ಲ. ಲೇಹ್ 3,500 ಮೀಟರ್, ತ್ಸೋ ಮೊರಿರಿ 4,500. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ಪರ್ವತ ವೈದ್ಯರ ನಿಯಮ. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ, ಸಿಂಧೂ ದಂಡೆಯ ಚುಮಾಥಾಂಗ್‌ನಲ್ಲಿ ಒಂದು, ಆಮೇಲೆ ಕೆರೆ. ಚುಮಾಥಾಂಗ್ ಸುಮಾರು 4,000 ಮೀಟರಿನಲ್ಲಿದ್ದು ಲೆಕ್ಕಕ್ಕೆ ಸರಿಹೊಂದುತ್ತದೆ, ಬಿಸಿನೀರಿನ ಬುಗ್ಗೆ ಬೇರೆ. ಮನಾಲಿ ಕಡೆಯಿಂದ ಬರುವವರು ಮೊದಲ ರಾತ್ರಿಯೇ ಎತ್ತರದ ಸರ್ಚುವಿನಲ್ಲಿ ಟೆಂಟ್ ಹಾಕಬೇಡಿ, ಅದಕ್ಕಿಂತ ತಗ್ಗಿನ ಜಿಸ್ಪಾದಲ್ಲಿ ನಿಲ್ಲಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ.

ಹಿಮ್ಮಡಿಗೆ ಬೆರಳು ತಾಗಿಸಿ ಗೆರೆ ಮೇಲೆ ಹತ್ತು ಹೆಜ್ಜೆ ನಡೆಯಲಾಗದೆ ತೂರಾಡಿದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ಬೆಳಗಾಗಲೆಂದು ಕಾಯದೆ ಕೆಳಗಿಳಿಸಬೇಕು. ಪಾಂಗಾಂಗ್‌ನಲ್ಲಿ ಇದು ಇನ್ನೂ ಕಷ್ಟ, ಎಂದಿನ ದಾರಿಯಲ್ಲಿ ಲೇಹ್ ಸೇರಲು ಮೊದಲು ಸುಮಾರು 5,360 ಮೀಟರಿನ ಚಾಂಗ್ ಲಾ ಘಾಟಿ ಹತ್ತಬೇಕು. ಆದ್ದರಿಂದ ಲೇಹ್‌ನಲ್ಲೇ ತಲೆನೋವು ಬಿಡದವರು ಅಲ್ಲಿಗೆ ಹೊರಡಲೇಬಾರದು.

ಪ್ರಶ್ನೆ: ಸಹಾಯಕ್ಕೆ ಉಪಗ್ರಹ ಸಂದೇಶದ ಸಾಧನ ಒಯ್ಯಲೇ?

ಅನುಮತಿಯಿಲ್ಲದೆ ಭಾರತದಲ್ಲಿ ಅದು ಅಪರಾಧ, ಗಡಿಯ ಹತ್ತಿರವಂತೂ ಸಿಕ್ಕಿಬೀಳುವುದು ಖಚಿತ. ಪೋಸ್ಟ್‌ಪೇಯ್ಡ್ ಸಿಮ್ ಒಯ್ಯಿರಿ, ಹೊರ ರಾಜ್ಯದ ಪ್ರೀಪೇಯ್ಡ್ ಕೆಲಸ ಮಾಡುವುದಿಲ್ಲ. ಯಾವ ದಿನ ಎಲ್ಲಿ ಮಲಗುತ್ತೀರಿ ಎಂದು ಬರೆದು ಲೇಹ್‌ನಲ್ಲಿ ಒಬ್ಬರ ಕೈಗೆ ಕೊಟ್ಟು ಹೊರಡಿ.

ಪ್ರಶ್ನೆ: ಹಾನ್ಲೆಯಲ್ಲಿ ರಾತ್ರಿ ದೀಪ ಹಚ್ಚಬಾರದೇ?

2022ರಲ್ಲಿ ಆ ಪ್ರದೇಶವನ್ನು ಕತ್ತಲ ಆಗಸದ ಮೀಸಲೆಂದು ಘೋಷಿಸಲಾಗಿದೆ. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ತಲೆದೀಪಕ್ಕೆ ಕೆಂಪು ಬೆಳಕಿರಲಿ, ಗಾಡಿಯ ಹೆಡ್‌ಲೈಟ್ ಆರಿಸಿ.

ಪ್ರಶ್ನೆ: ಎರಡೇ ದಿನಕ್ಕೆ ಟೆಂಟ್ ಜಿಪ್ ಹಲ್ಲು ಕೂಡದಾಯಿತು. ಹೊಲಿಗೆಯವರಿಗೆ ಕೊಡಬೇಕೇ?

ಹಲ್ಲು ಸವೆದಿರುವುದಿಲ್ಲ, ಸವೆದದ್ದು ಓಡುಗುಂಡಿ, ಅಂದರೆ ಹಲ್ಲುಗಳ ಮೇಲೆ ಓಡಾಡುವ ಸ್ಲೈಡರ್. ಮರಳಿನ ಕಣ ಅದರೊಳಗೆ ಉಜ್ಜಿ ಬಾಯಿ ಅಗಲವಾಗಿದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎರಡೂ ಸಾಲು ತಿಕ್ಕಿ. ಓಡುಗುಂಡಿಯನ್ನು ಜಿಪ್ಪಿನ ಶುರುವಿಗೆ ತಂದು, ಅದರ ಹಿಂಬದಿಯ ಎರಡು ಅಂಚುಗಳನ್ನು ಇಕ್ಕಳದಿಂದ ಒಂದೊಂದಾಗಿ, ಹಗುರಾಗಿ ಒತ್ತಿ. ಎಳೆದು ನೋಡಿ, ಕೂಡದಿದ್ದರೆ ಇನ್ನೊಂದು ಕೂದಲಷ್ಟು ಒತ್ತಿ. ಒಮ್ಮೆಲೇ ಬಲ ಹಾಕಿದರೆ ಅದು ಚಟ್ಟೆಂದು ಮುರಿಯುತ್ತದೆ. ಎಣ್ಣೆ ಹಚ್ಚಬೇಡಿ, ದೂಳೆಲ್ಲ ಅಲ್ಲೇ ಅಂಟುತ್ತದೆ. ಮೇಣದ ಬತ್ತಿಯ ತುಂಡು ಸವರಿದರೆ ಸಾಕು.